ಬಲ್ಬು ಬದಲಿಸಿದರೂ ರಸ್ತೆ ಕಾಣಲಿಲ್ಲ: ಒಂದು ಸರಕು ವಾಹನದ ಹೆಡ್‌ಲೈಟ್ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಮಾಲೀಕರು ಗದಗ ಜಿಲ್ಲೆಯ ಎರೆಭೂಮಿಯ ರೈತರು. ಹೊಲದ ಕೆಲಸದ ಜೊತೆಗೆ ನಾಲ್ಕು ಚಕ್ರದ ಸರಕು ವಾಹನವೊಂದನ್ನು ಬಾಡಿಗೆಗೆ ಓಡಿಸುತ್ತಾರೆ. ಇಲ್ಲಿ ಅವರನ್ನು ಬಸಣ್ಣ ಎನ್ನುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಿಜವಾದ ಹೆಸರು, ಊರು, ವಾಹನದ ಕಂಪನಿ, ಅಂಗಡಿಗಳ ಗುರುತು ಯಾವುದನ್ನೂ ಕೊಟ್ಟಿಲ್ಲ. ಮೀಟರಿನಲ್ಲಿ ಬಂದ ಅಂಕಿಗಳನ್ನು ಮಾತ್ರ ಬಂದ ಹಾಗೆಯೇ ಇಟ್ಟಿದ್ದೇನೆ, ಏಕೆಂದರೆ ಇಡೀ ಪ್ರಕರಣ ತಿರುವು ಪಡೆದದ್ದು ಆ ಅಂಕಿಗಳಿಂದ. ನಾನು ಹುಬ್ಬಳ್ಳಿಯಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವವನು. ಬೆಳಕು ಸಾಲದು ಎಂದು ಬರುವ ಚಾಲಕರಿಗೂ, ಅವರಿಗೆ ದೊಡ್ಡ ಬಲ್ಬು ಹಾಕಿ ಕಳಿಸುವ ನನ್ನ ಕಸುಬಿನವರಿಗೂ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಚಳಿಗಾಲದಿಂದ ಬೇಸಿಗೆಯವರೆಗೆ ಬಸಣ್ಣನವರ ಮುಖ್ಯ ಬಾಡಿಗೆ ಒಣಮೆಣಸಿನಕಾಯಿ. ಬ್ಯಾಡಗಿ ಮಾರುಕಟ್ಟೆಯ ವಹಿವಾಟು ನಡೆಯುವುದು ಸೋಮವಾರ ಮತ್ತು ಗುರುವಾರ. ಹಿಂದಿನ ದಿನ ಸಂಜೆ ಚೀಲ ಹೇರಿ, ಊಟ ಮುಗಿಸಿ ಹೊರಟರೆ ಮುಳಗುಂದ, ಲಕ್ಷ್ಮೇಶ್ವರ, ಯಲವಿಗಿ, ಸವಣೂರು ದಾಟಿ ಹಾವೇರಿ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮೋಟೆಬೆನ್ನೂರಿನವರೆಗೆ ಹೋಗಿ ಬ್ಯಾಡಗಿಗೆ ಹೊರಳಬೇಕು. ಮರಳುವುದು ಮರುದಿನ ಹಗಲಿನಲ್ಲಿ, ಖಾಲಿ ಗಾಡಿಯಲ್ಲಿ. ಎಂದರೆ ಈ ವಾಹನ ಕತ್ತಲಲ್ಲಿ ಓಡುವುದು ಬಹುತೇಕ ಹೇರು ಇದ್ದಾಗಲೇ. ಈ ಸಂಗತಿಯನ್ನು ಬಹಳ ದಿನ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ದಾರಿಯ ಸ್ವಭಾವವನ್ನೂ ಹೇಳಬೇಕು. ಹೆದ್ದಾರಿ ಸೇರುವವರೆಗೆ ಬಹುಪಾಲು ಎರಡು ವಾಹನ ಎದುರುಬದುರಾಗುವಷ್ಟೇ ಅಗಲದ ರಸ್ತೆ. ಎರಡೂ ಬದಿ ಎರೆಮಣ್ಣು. ಬೆಳಕನ್ನು ಹೀರುತ್ತದೆಯೇ ಹೊರತು ಹಿಂದಿರುಗಿಸುವುದಿಲ್ಲ. ಟ್ರ್ಯಾಕ್ಟರ್ ಗಾಲಿಗೆ ಅಂಟಿ ಬಂದ ಮಣ್ಣು ರಸ್ತೆಯಂಚಿನ ಬಿಳಿಗೆರೆಯನ್ನು ಮುಚ್ಚಿರುತ್ತದೆ. ಹಿಂದೆ ಒಂದು ಕೆಂಪು ಪಟ್ಟಿಯೂ ಇಲ್ಲದ ಟ್ರೇಲರ್‌ಗಳು, ಚಕ್ಕಡಿಗಳು, ಹುಣ್ಣಿಮೆಯ ಆಸುಪಾಸಿನಲ್ಲಿ ಪಾದಯಾತ್ರೆಗೆ ಹೊರಟ ಜನ, ಎಲ್ಲರೂ ಇದೇ ರಸ್ತೆಯವರು. ಇಲ್ಲಿ ಹೆಚ್ಚು ಬೆಳಕು ಬೇಕು ಎಂದು ಕೇಳುವ ಚಾಲಕನಿಗೆ ಶೋಕಿ ಎನ್ನುವುದು ಅನ್ಯಾಯ. ಬಸಣ್ಣನವರ ಅಗತ್ಯ ನಿಜವಾದದ್ದೇ ಆಗಿತ್ತು.

ಸಮಸ್ಯೆ ಮತ್ತು ಮೊದಲ ಪ್ರಯತ್ನ

ವಾಹನ ಹಳೆಯದಾದಂತೆ ಬೆಳಕು ಮಂಕಾಗುತ್ತ ಬಂತು. ಅದರಲ್ಲಿದ್ದದ್ದು ನಮ್ಮ ರಸ್ತೆಗಳಲ್ಲಿ ಬಹಳ ಕಾಣುವ ಎಚ್4 ಹ್ಯಾಲೊಜೆನ್ ಬಲ್ಬು, 12 ವೋಲ್ಟ್, 60/55 ವ್ಯಾಟ್. ದೂರಕ್ಕೆ ಬೀಳುವ ಅಪ್ಪರ್‌ಗೆ 60, ಎದುರಿನವರಿಗಾಗಿ ಕೆಳಗಿಳಿಸುವ ಡಿಪ್ಪರ್‌ಗೆ 55. ಬಸಣ್ಣನವರು ಅದೇ ಅಳತೆಯ ಹೊಸ ಬಲ್ಬು ಹಾಕಿಸಿ ನೋಡಿದರು, ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹೊಸ ಬಲ್ಬು ಹಾಕಿದರೂ ಬೆಳಕು ಬಾರದಿದ್ದರೆ ಕೊರತೆ ಬಲ್ಬಿನಲ್ಲಿಲ್ಲ ಎಂಬುದು ಅಲ್ಲಿಯೇ ಗೊತ್ತಾಗಬೇಕಿತ್ತು. ಆದರೆ ಬಿಡಿಭಾಗಗಳ ಅಂಗಡಿಯವರು ಕೊಟ್ಟ ಸಲಹೆ ಇನ್ನೊಂದು: 100/90 ವ್ಯಾಟ್ ಬಲ್ಬು.

ಅದು ಮೊದಲ ವಾರಗಳಲ್ಲಿ ಚೆನ್ನಾಗಿಯೇ ಕಂಡಿತು. ಆಮೇಲೆ ಒಂದು ರಾತ್ರಿ ಸವಣೂರು ದಾಟುವಾಗ ಕ್ಯಾಬಿನ್‌ನಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ಬಲಬದಿಯ ಡಿಪ್ಪರ್ ಆರಿಹೋಯಿತು. ತೆಗೆದು ನೋಡಿದರೆ ಬಲ್ಬಿನ ಹೋಲ್ಡರ್ ಕರಗಿ, ಒಂದು ಪಿನ್ ಒಳಕ್ಕೆ ಕುಸಿದಿತ್ತು. ಇದಕ್ಕೂ ಮುನ್ನ ಫ್ಯೂಸ್ ಒಂದೆರಡು ಬಾರಿ ಹೋಗಿತ್ತು. ದಾರಿಯಲ್ಲಿ ಯಾರೋ 10 ಆಂಪಿಯರ್ ಫ್ಯೂಸ್ ತೆಗೆದು 20 ಆಂಪಿಯರ್ ಹಾಕಿ ಕಳಿಸಿದ್ದರು.

ಇದರ ಲೆಕ್ಕ ಸರಳ. 55 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಎಳೆಯುವ ಕರೆಂಟು ಸುಮಾರು 4.6 ಆಂಪಿಯರ್, 90 ವ್ಯಾಟಿನದು 7.5. ವೈರು ಮತ್ತು ಜೋಡಣೆಗಳಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಂತೆ ಏರುತ್ತದೆ. ಹಾಗಾಗಿ ಅದೇ ವೈರು, ವೈರುಗಳನ್ನು ಕೂಡಿಸುವ ಅದೇ ಕಪ್ಲರ್ ಎರಡೂವರೆ ಪಟ್ಟಿಗೂ ಹೆಚ್ಚು ಶಾಖ ತಡೆಯಬೇಕಾಗುತ್ತದೆ. ಫ್ಯೂಸ್ ಹೋದದ್ದು ಗಾಡಿಯನ್ನು ಕಾಯುವ ತನ್ನ ಕೆಲಸ ಮಾಡಿದ್ದಕ್ಕೆ. ಅದನ್ನು ದಪ್ಪ ಮಾಡಿದ ಮೇಲೆ ಕರಗುವ ಸರದಿ ಹೋಲ್ಡರಿನದಾಯಿತು. ನಮ್ಮ ಕಸುಬಿನವರಿಗೆ ಕೈಮುಗಿದು ಹೇಳುತ್ತೇನೆ: ಫ್ಯೂಸ್ ಪದೇ ಪದೇ ಹೋದರೆ ಕಾರಣ ಹುಡುಕಿ, ಫ್ಯೂಸಿನ ಅಂಕಿ ಏರಿಸಬೇಡಿ. ಬಸಣ್ಣನವರ ಗಾಡಿಯ ಹಿಂದೆ ಇದ್ದದ್ದು ಒಣಮೆಣಸಿನಕಾಯಿ. ಬೆಂಕಿ ಹೊತ್ತಿದ್ದರೆ ಆರಿಸುವ ಮಾತೇ ಇರಲಿಲ್ಲ.

ಎರಡನೆಯ ಪ್ರಯತ್ನ

ಹೋಲ್ಡರ್ ಬದಲಿಸುವ ಹೊತ್ತಿಗೆ ಎಲ್‌ಇಡಿ ಕಿಟ್‌ನ ಸಲಹೆ ಬಂತು. ಕರೆಂಟು ಕಡಿಮೆ, ಬೆಳಕು ಹಾಲುಬಿಳುಪು, ಹಳೆಯ ಬಲ್ಬಿನ ಜಾಗದಲ್ಲಿಯೇ ಕೂರುತ್ತದೆ. ಕರೆಂಟು ಕಡಿಮೆ ಎಂಬುದು ನಿಜವೇ. ವೈರಿಂಗ್ ಸುಡುವ ಭಯ ಹೋಯಿತು. ಗಾಡಿಯ ಮುಂದಿನ ಹತ್ತಿಪ್ಪತ್ತು ಮೀಟರ್ ರಸ್ತೆ ಬೆಳ್ಳಗೆ ಬೆಳಗಿತು. ಬಸಣ್ಣನವರಿಗೆ ಸಮಾಧಾನವಾಯಿತು.

ಆ ಸಮಾಧಾನದಲ್ಲಿಯೇ ಒಂದು ಮೋಸವಿತ್ತು. ಕಣ್ಣು ತನ್ನ ಎದುರಿನ ಅತಿ ಬೆಳಕಿಗೆ ಹೊಂದಿಕೊಂಡು ಪಾಪೆಯನ್ನು ಕಿರಿದು ಮಾಡಿಕೊಳ್ಳುತ್ತದೆ. ಹತ್ತಿರದ ರಸ್ತೆ ಹೆಚ್ಚು ಬೆಳಗಿದಷ್ಟೂ ದೂರದ ಕತ್ತಲು ಇನ್ನಷ್ಟು ಕತ್ತಲಾಗುತ್ತದೆ. ಅಪಾಯವಿರುವುದು ದೂರದಲ್ಲಿ. ಬಸಣ್ಣನವರೇ ಮುಂದೆ ಹೇಳಿದಂತೆ, ನೆಲ ಚೆನ್ನಾಗಿ ಕಾಣುತ್ತಿತ್ತು, ಆದರೆ ಎದುರಿಗೆ ನಿಂತ ಟ್ರೇಲರ್ ಮೊದಲಿಗಿಂತ ತಡವಾಗಿ ಕಾಣುತ್ತಿತ್ತು.

ಎದುರಿನ ಲಾರಿಗಳು ಅಪ್ಪರ್-ಡಿಪ್ಪರ್ ಹೊಡೆದು ಎಚ್ಚರಿಸತೊಡಗಿದವು. ತಮ್ಮದು ಡಿಪ್ಪರ್‌ನಲ್ಲಿಯೇ ಇದೆಯಲ್ಲ ಎಂದು ಬಸಣ್ಣನವರು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಪೊಲೀಸರು ಒಮ್ಮೆ ದಂಡ ಹಾಕಿದರು. 2024ರ ಜುಲೈನಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆ ಶುರುಮಾಡಿದ್ದು ಅವರಿಗೆ ಗೊತ್ತಿತ್ತು. ಅದು ಹೆದ್ದಾರಿಯಲ್ಲಿ ಮೆರೆಯುವ ಕಾರುಗಳಿಗೆ ಸಂಬಂಧಿಸಿದ್ದು ಎಂದು ತಿಳಿದಿದ್ದರು.

ನಂತರ ಅವಘಡವಾಯಿತು. ಲಕ್ಷ್ಮೇಶ್ವರ ಮತ್ತು ಯಲವಿಗಿಯ ನಡುವೆ ಎದುರಿನಿಂದ ಬಂದ ಬೈಕ್ ಸವಾರರೊಬ್ಬರು ರಸ್ತೆಯಂಚು ಬಿಟ್ಟು ಬದಿಯ ಇಳಿಜಾರಿಗೆ ಬಿದ್ದರು. ಗಾಡಿಗೆ ಗಾಡಿ ತಾಗಿರಲಿಲ್ಲ. ಬಸಣ್ಣನವರು ನಿಲ್ಲಿಸಿ, ಎತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಹೆಗಲಿನ ಮೂಳೆ ಮುರಿದಿತ್ತು. ದಾರಿಯಲ್ಲಿ ಆ ಮನುಷ್ಯ ಹೇಳಿದ ಮಾತು ಅವರನ್ನು ಬಿಡಲಿಲ್ಲ: "ಅಣ್ಣಾ, ನಿಮ್ಮ ಗಾಡಿ ಕಾಣಲಿಲ್ಲ, ರಸ್ತೆಯೂ ಕಾಣಲಿಲ್ಲ. ಬರೀ ಬಿಳುಪು ಕಂಡಿತು." ಚಿಕಿತ್ಸೆಯ ಖರ್ಚನ್ನು ಬಸಣ್ಣನವರೇ ಕೊಟ್ಟರು. ಕಾನೂನಿನ ಕಣ್ಣಿನಲ್ಲಿ ತಪ್ಪು ಯಾರದು ಎಂಬುದನ್ನು ನಾನಿಲ್ಲಿ ತೀರ್ಮಾನಿಸುವುದಿಲ್ಲ. ಆದರೆ ದಂಡದ ರಶೀದಿ ಮಾಡದ ಕೆಲಸವನ್ನು ಆ ಮಾತು ಮಾಡಿತು.

ಪರೀಕ್ಷೆ

ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೆ ಮಾಲು ತಂದ ಬಸಣ್ಣನವರು ಹೇರು ಇಳಿಸುವ ಮೊದಲೇ ನಮ್ಮ ಅಂಗಡಿಗೆ ಬಂದರು. ಅದು ಒಳ್ಳೆಯದೇ ಆಯಿತು. ಖಾಲಿ ಗಾಡಿ ಬಂದಿದ್ದರೆ ಅರ್ಧ ಕಾರಣ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. "ಮಿಸ್ತ್ರಿಯವರೇ, ಬೆಳಕು ಕಡಿಮೆ ಮಾಡಬೇಡಿ, ಎದುರಿನವರಿಗೆ ಚುಚ್ಚಬಾರದು ಅಷ್ಟೇ" ಎಂದರು. ನ್ಯಾಯವಾದ ಬೇಡಿಕೆ. ಒಳ್ಳೆಯ ಹೆಡ್‌ಲೈಟಿನ ನಿಯಮಗಳೆಲ್ಲ ಇರುವುದು ಈ ಎರಡನ್ನೂ ಒಟ್ಟಿಗೆ ಸಾಧಿಸುವುದಕ್ಕಾಗಿಯೇ.

ಕತ್ತಲಾಗುವವರೆಗೆ ಕಾದು ಕಾಂಪೌಂಡ್ ಗೋಡೆಯ ಮುಂದೆ ಗಾಡಿ ನಿಲ್ಲಿಸಿದೆವು. ಎಲ್‌ಇಡಿಯ ಡಿಪ್ಪರ್ ಹಾಕಿದಾಗ ಗೋಡೆಯ ತುಂಬ ಬೆಳಕು ಚೆಲ್ಲಿತು; ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸುವಂಥ ಗೆರೆಯೇ ಇರಲಿಲ್ಲ. ಅದನ್ನು ತೆಗೆದು ಮಾಮೂಲಿ 60/55 ಬಲ್ಬು ಕೂರಿಸಿದಾಗ, ಬೆಳಕು ಮಂಕಾಗಿದ್ದರೂ ಅದರ ಮೇಲಂಚು ಕಾಣಿಸಿಕೊಂಡಿತು: ಬಲಕ್ಕೆ ಸಮತಟ್ಟು, ಎಡಕ್ಕೆ ಓರೆಯಾಗಿ ಮೇಲೇರುವ ಗೆರೆ. ನಾವು ಎಡಬದಿಯಲ್ಲಿ ಓಡಿಸುವವರು. ಎಡ ಅಂಚಿನಲ್ಲಿ ನಡೆಯುವವರು ದೂರದಿಂದ ಕಾಣಬೇಕು, ಬಲದಿಂದ ಎದುರಾಗುವವರ ಕಣ್ಣು ಉಳಿಯಬೇಕು. ಅದಕ್ಕಾಗಿ ಆ ಗೆರೆಯ ಆಕಾರ ಹಾಗೆ.

ಈ ಗೆರೆ ಹುಟ್ಟುವುದು ಎಚ್4 ಬಲ್ಬಿನೊಳಗೆ. ಬಲ್ಬನ್ನು ಬೆಳಕಿಗೆ ಹಿಡಿದರೆ ಡಿಪ್ಪರ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಕಾಣುತ್ತದೆ. ಆ ತಂತಿಯ ಬೆಳಕು ದೀಪದೊಳಗಿನ ಕನ್ನಡಿಯಂಥ ರಿಫ್ಲೆಕ್ಟರಿನ ಕೆಳಭಾಗಕ್ಕೆ ಹೋಗದಂತೆ ಅದು ತಡೆಯುತ್ತದೆ. ಮೇಲ್ಭಾಗಕ್ಕೆ ಬಡಿದ ಬೆಳಕು ಮಾತ್ರ ರಸ್ತೆಯ ಕಡೆಗೆ ಬಾಗುತ್ತದೆ. ತಂತಿಯ ಉದ್ದ ಸುಮಾರು 5 ಮಿಲಿಮೀಟರ್, ದಪ್ಪ ಅದಕ್ಕಿಂತ ಬಹಳ ಕಡಿಮೆ. ಇಡೀ ರಿಫ್ಲೆಕ್ಟರಿನ ಬಾಗು ಲೆಕ್ಕ ಹಾಕಿರುವುದು ಆ ತಂತಿ ಇರುವ ಜಾಗಕ್ಕೆ. ಎಲ್‌ಇಡಿ ಕಿಟ್‌ನಲ್ಲಿ ತಂತಿಯ ಬದಲು ಒಂದು ಪಟ್ಟಿಯ ಎರಡು ಮುಖಗಳಲ್ಲಿ ಬೆಳಕು ಕೊಡುವ ಚಿಪ್‌ಗಳಿರುತ್ತವೆ. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಸರಿದರೂ ರಿಫ್ಲೆಕ್ಟರ್ ಅದನ್ನು ಎಲ್ಲೆಲ್ಲಿಗೋ ಎಸೆಯುತ್ತದೆ. ಎಲ್‌ಇಡಿ ಎಂಬ ಬೆಳಕಿನಲ್ಲಿ ದೋಷವಿಲ್ಲ. ಕಾರ್ಖಾನೆಯಿಂದಲೇ ಎಲ್‌ಇಡಿಗೆಂದು ಮಾಡಿದ ದೀಪ ಬಹಳ ಒಳ್ಳೆಯದು. ಹ್ಯಾಲೊಜೆನ್‌ಗೆ ಮಾಡಿದ ರಿಫ್ಲೆಕ್ಟರಿನಲ್ಲಿ ಅದನ್ನು ತುರುಕುವುದು ದೋಷ. ಜರ್ಮನಿಯಲ್ಲಿ 2020ರಿಂದ ಇಂಥ ಬದಲಿ ಎಲ್‌ಇಡಿ ಬಲ್ಬುಗಳಿಗೆ ಅನುಮತಿ ಕೊಡತೊಡಗಿದರು. ಆದರೆ ಅಲ್ಲಿಯೂ ಯಾವ ಬಲ್ಬು ಯಾವ ಮಾದರಿಯ ವಾಹನಕ್ಕೆ ಎಂದು ಪರೀಕ್ಷಿಸಿ ಪಟ್ಟಿ ಮಾಡಿದ ಮೇಲೆಯೇ.

ಆಮೇಲೆ ಬಸಣ್ಣನವರನ್ನೇ ಎದುರಿಗೆ ನಿಲ್ಲಿಸಿದೆವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಅಳತೆಯನ್ನೇ ಹೇಳುತ್ತದೆ: ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಕೆಳಗಿಳಿಸಿದ ಬೆಳಕು ಕುಕ್ಕಬಾರದು. ಟೇಪು ಹಿಡಿದು ಜಾಗ ಗುರುತಿಸಿ, ಕಣ್ಣು ಆ ಎತ್ತರಕ್ಕೆ ಬರುವಂತೆ ಅವರು ಸ್ವಲ್ಪ ಕುಗ್ಗಿ ನಿಂತರು. ಎಲ್‌ಇಡಿ ಹಾಕಿದೊಡನೆ ಮುಖ ತಿರುಗಿಸಿ ಅಂಗೈ ಅಡ್ಡ ಹಿಡಿದರು. ಹ್ಯಾಲೊಜೆನ್‌ಗೆ ಹಾಗೆ ಮಾಡಲಿಲ್ಲ. ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಅಲ್ಲಿಗೇ ನಿಲ್ಲಿಸಿದ್ದರೆ ಎಲ್‌ಇಡಿ ತೆಗೆದುಹಾಕಿ ಕಳಿಸುತ್ತಿದ್ದೆವು, ಸಮಸ್ಯೆ ಅರ್ಧ ಉಳಿಯುತ್ತಿತ್ತು. ಹ್ಯಾಲೊಜೆನ್ ಇಟ್ಟುಕೊಂಡೇ ಅವರನ್ನು ರಸ್ತೆಯ ತುದಿಗೆ, ಸುಮಾರು 50 ಮೀಟರ್ ದೂರಕ್ಕೆ ಕಳಿಸಿ ನಿಂತ ಬೈಕಿನ ಮೇಲೆ ಕೂರಿಸಿದೆವು. ಅಲ್ಲಿಂದ ಕೂಗಿ ಹೇಳಿದರು: ಇದೂ ಕಣ್ಣಿಗೇ ಬರುತ್ತಿದೆ. ಹತ್ತಿರದಲ್ಲಿ ಕುಕ್ಕದ ಬೆಳಕು ದೂರದಲ್ಲಿ ಕುಕ್ಕುತ್ತಿದೆ ಎಂದರೆ ದೀಪ ಮೇಲಕ್ಕೆ ಮುಖ ಮಾಡಿದೆ ಎಂದೇ ಅರ್ಥ.

ಕಾರಣ ಹೇರು. ಹಿಂದಿನ ಪಾಟಾಗಳು, ಎಂದರೆ ಸ್ಪ್ರಿಂಗ್ ಪಟ್ಟಿಗಳು, ಭಾರಕ್ಕೆ ಕುಸಿದು ಗಾಡಿಯ ಹಿಂಭಾಗ ಸುಮಾರು ಏಳೂವರೆ ಸೆಂಟಿಮೀಟರ್ ಇಳಿದಿತ್ತು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಮೂರು ಮೀಟರ್. ಆದ್ದರಿಂದ ಇಡೀ ಗಾಡಿ ಶೇ 2.5ರಷ್ಟು ಮೇಲ್ಮುಖವಾಗಿತ್ತು. ಖಾಲಿ ಗಾಡಿಯಲ್ಲಿ ಡಿಪ್ಪರ್ ಸಾಮಾನ್ಯವಾಗಿ ಶೇ 1ರಷ್ಟು ಕೆಳಮುಖ, ಎಂದರೆ 10 ಮೀಟರಿಗೆ 10 ಸೆಂಟಿಮೀಟರ್ ಇಳಿಯಬೇಕು. ನೆಲದಿಂದ 80 ಸೆಂಟಿಮೀಟರ್ ಎತ್ತರದ ದೀಪದ ಗೆರೆ 50 ಮೀಟರ್ ದೂರದಲ್ಲಿ ಮೊಣಕಾಲಿನ ಕೆಳಗೆ, 30 ಸೆಂಟಿಮೀಟರ್ ಎತ್ತರದಲ್ಲಿರಬೇಕಿತ್ತು. ಹೇರಿನಿಂದಾಗಿ ಅದೇ ಗೆರೆ 155 ಸೆಂಟಿಮೀಟರಿಗೆ ಏರಿತ್ತು. ಬೈಕ್ ಸವಾರನ ಕಣ್ಣು ಅದರೊಳಗೇ ಸಿಗುತ್ತದೆ. ಆ ರಾತ್ರಿ ಬಿದ್ದ ಮನುಷ್ಯನ ಮುಖಕ್ಕೆ ಬಡಿದದ್ದು ಈ ಏರು ಮತ್ತು ಎಲ್‌ಇಡಿಯ ಚೆಲ್ಲುವ ಬೆಳಕು ಎರಡೂ ಸೇರಿ.

ಆಗ ಸ್ಟೀರಿಂಗಿನ ಪಕ್ಕದ ಒಂದು ಪುಟ್ಟ ತಿರುಗಣೆಯ ಕಡೆಗೆ ಗಮನ ಹೋಯಿತು. 0, 1, 2, 3 ಎಂದು ಬರೆದ, ಧೂಳು ಕುಳಿತ ತಿರುಗಣೆ. ಹೇರಿಗೆ ತಕ್ಕಂತೆ ದೀಪದ ಮುಖ ಇಳಿಸಲು ತಯಾರಕರು ಕೊಟ್ಟದ್ದು. ಗಾಡಿ ಕೊಂಡಾಗಿನಿಂದ ಅದು 0 ಬಿಟ್ಟು ಕದಲಿರಲಿಲ್ಲ. ಅದು ಏತಕ್ಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. 3ಕ್ಕೆ ತಿರುಗಿಸಿದಾಗ ಎಡದೀಪದ ಗೆರೆ ಇಳಿಯಿತು, ಬಲದೀಪದ್ದು ಅಲ್ಲಿಯೇ ನಿಂತಿತು. ದೀಪದ ಮುಖ ಇಳಿಸುವ ಅದರ ಮೋಟರು ಕೆಟ್ಟಿತ್ತು.

ಇನ್ನು ಮೊದಲ ಪ್ರಶ್ನೆ: ಬೆಳಕು ಮಂಕಾದದ್ದು ಏಕೆ? ಇದನ್ನು ಅಳೆಯುವಾಗ ಮಾಮೂಲಿ ಹ್ಯಾಲೊಜೆನ್ ಬಲ್ಬು ಉರಿಯುತ್ತಿರಬೇಕು. ಎಲ್‌ಇಡಿ ಇಟ್ಟು ಅಳೆದರೆ ಕರೆಂಟು ಕಡಿಮೆಯಾದ್ದರಿಂದ ವೈರಿಂಗಿನ ಕೊರತೆ ಮರೆಯಾಗುತ್ತದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್ ಇತ್ತು. ಬಲಬದಿಯ ಬಲ್ಬಿನ ಹೋಲ್ಡರಿನಲ್ಲಿ 11.6. ನಡುವೆ ಎರಡೂವರೆ ವೋಲ್ಟ್ ಸೋರಿಹೋಗುತ್ತಿತ್ತು. ಅದರಲ್ಲಿ 0.9 ವೋಲ್ಟ್ ತುಕ್ಕು ಹಿಡಿದ ಬಾಡಿ ಅರ್ಥ್ ಜೋಡಣೆಯಲ್ಲಿ, ಎಂದರೆ ವೈರು ಗಾಡಿಯ ಲೋಹದ ಮೈಗೆ ಕೂಡುವಲ್ಲಿ. ಉಳಿದದ್ದು ಸವೆದ ಸ್ವಿಚ್, ಕಪ್ಲರು, ತೆಳು ವೈರುಗಳಲ್ಲಿ. ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ಟೀರಿಂಗಿನ ಕೆಳಗಿನ ಸ್ವಿಚ್ಚಿನ ಮೂಲಕವೇ ಹಾಯುವ ವಾಹನಗಳಲ್ಲಿ ಈ ಸೋರಿಕೆ ಮಾಮೂಲಿ.

ಎರಡೂವರೆ ವೋಲ್ಟ್ ಸಣ್ಣದೆನಿಸಬಹುದು. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. ವೋಲ್ಟೇಜ್ ಶೇ 10 ಇಳಿದರೆ ಬೆಳಕು ಶೇ 30ರಷ್ಟು ಹೋಗುತ್ತದೆ. ಎಚ್4 ಬಲ್ಬಿನ ಪ್ರಮಾಣಿತ ಬೆಳಕು, ಅಂದರೆ ಅಪ್ಪರ್‌ಗೆ 1650 ಮತ್ತು ಡಿಪ್ಪರ್‌ಗೆ 1000 ಲೂಮೆನ್ (ಬೆಳಕಿನ ಅಳತೆಯ ಮಾನ), ಅಳೆಯುವುದು 13.2 ವೋಲ್ಟಿನಲ್ಲಿ. 11.6ರಲ್ಲಿ ಅದರ ಮೂರನೇ ಎರಡು ಪಾಲೂ ಸಿಗುವುದಿಲ್ಲ. 100/90 ಬಲ್ಬು ಹಾಕಿದಾಗ ಕರೆಂಟು ಹೆಚ್ಚಿ ಈ ಸೋರಿಕೆಯೂ ಹೆಚ್ಚಿತ್ತು. ಕೊಂಡ ವ್ಯಾಟುಗಳಲ್ಲಿ ದೊಡ್ಡ ಪಾಲು ವೈರು ಕಾಯಿಸುವುದಕ್ಕೇ ಹೋಗಿತ್ತು. ಇದರ ಮೇಲೆ ಬಿಸಿಲಿಗೆ ಹಳದಿಯಾದ ದೀಪದ ಮುಂಗಾಜು. ಬಲದೀಪದ ರಿಫ್ಲೆಕ್ಟರಿನಲ್ಲಂತೂ ಬಲ್ಬಿನ ನೇರ ಮೇಲೆ ಬೆಳ್ಳಿಬಣ್ಣ ಸುಟ್ಟು ಕಂದಾಗಿತ್ತು. ದೊಡ್ಡ ಬಲ್ಬಿನ ಶಾಖ ಬಿಟ್ಟುಹೋದ ಗುರುತು ಅದು.

ತೀರ್ಮಾನ

ಇಲ್ಲಿ ಬಸಣ್ಣನವರು ಸುಲಭವಾಗಿ ಒಪ್ಪಲಿಲ್ಲ. ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಮತ್ತೆ ಹಳೆಯ ಹಳದಿ ಬಲ್ಬಿಗೇ ಮರಳುವುದೇ? ಎಲ್‌ಇಡಿ ಇಟ್ಟುಕೊಂಡು ದೀಪದ ಮುಖವನ್ನು ಇನ್ನಷ್ಟು ಇಳಿಸಿದರಾಗದೇ? ಕೇಳಬೇಕಾದ ಪ್ರಶ್ನೆಯೇ. ಇಳಿಸಬಹುದು, ಆದರೆ ಚೆಲ್ಲುವ ಬೆಳಕು ಇಳಿದರೂ ಚೆಲ್ಲುತ್ತಲೇ ಇರುತ್ತದೆ. ಜೊತೆಗೆ ದೂರದ ರಸ್ತೆಯ ಬೆಳಕು ಪೂರ್ತಿ ಹೋಗುತ್ತದೆ. ಅವರಿಗೆ ಬೇಕಾದದ್ದು ಆ ದೂರವೇ.

"ಅಂಗಡಿಯಲ್ಲಿ ಎದುರಿಗೇ ಮಾರುತ್ತಾರಲ್ಲ, ಕಾನೂನಿಗೆ ವಿರುದ್ಧವಾಗಿದ್ದರೆ ಮಾರಲು ಬಿಡುತ್ತಿದ್ದರೇ?" ಎಂದೂ ಕೇಳಿದರು. ಮಾರಾಟಕ್ಕೂ ಬಳಕೆಗೂ ಇರುವ ಈ ಅಂತರವೇ ಬಹಳ ಜನರನ್ನು ದಾರಿ ತಪ್ಪಿಸುವುದು. ಅತಿ ವ್ಯಾಟಿನ ಬಲ್ಬುಗಳ ಡಬ್ಬಿಯ ಮೇಲೆ ಸಾರ್ವಜನಿಕ ರಸ್ತೆಗಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದುಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಬಹುದು. ಹೊಣೆ ಬಂದು ಕೂರುವುದು ಬಲ್ಬು ಹಾಕಿಸಿಕೊಂಡವರ ತಲೆಯ ಮೇಲೆ.

60/55ರ ಅಳತೆಯಲ್ಲಿಯೇ "ಶೇ 130 ಹೆಚ್ಚು ಬೆಳಕು" ಎಂದು ಬರುವ ಬಲ್ಬುಗಳ ಬಗ್ಗೆಯೂ ಮಾತು ಬಂತು. ಪ್ರಮಾಣಿತ ಗುರುತುಳ್ಳವಾದರೆ ಅವು ತಪ್ಪಲ್ಲ. ಆ ಶೇಕಡಾವಾರು ಹೋಲಿಕೆ ಕಾನೂನು ಕೇಳುವ ಕನಿಷ್ಠ ಬೆಳಕಿಗೆ. ಒಟ್ಟು ಬೆಳಕು ಅಷ್ಟು ಪಟ್ಟು ಹೆಚ್ಚುವುದಿಲ್ಲ. ತಂತಿ ಹೆಚ್ಚು ಕಾಯುವುದರಿಂದ ಬಾಳಿಕೆಯೂ ಕಡಿಮೆ. ಗುಂಡಿ ರಸ್ತೆಯಲ್ಲಿ ಅದುರುತ್ತ ಹೋಗುವ ಸರಕು ಗಾಡಿಗೆ, ಯಲವಿಗಿಯ ಹತ್ತಿರ ಮಧ್ಯರಾತ್ರಿ ಕೈಕೊಡುವ ಬಲ್ಬು ಬೇಡ ಎಂದು ಇಬ್ಬರೂ ಒಪ್ಪಿದೆವು.

ಕೊನೆಗೆ ಮಾಡಿದ್ದು ಇಷ್ಟು. ಬಲಬದಿಯ ದೀಪವನ್ನು ಪೂರ್ತಿ ಬದಲಿಸಿ ತಯಾರಕರದ್ದೇ ಹೊಸದನ್ನು ಹಾಕಿದೆವು. ಜೊತೆಗೆ ಮೋಟರೂ ಹೊಸದಾಯಿತು. ಎಡಬದಿಯ ಮುಂಗಾಜನ್ನು ನೀರುಕಾಗದದಲ್ಲಿ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಲೇಪ ಕೊಟ್ಟೆವು. ಈ ಲೇಪ ಬಿಟ್ಟರೆ ಉಜ್ಜಿದ ಗಾಜು ಮೊದಲಿಗಿಂತ ಬೇಗ ಹಳದಿಯಾಗುತ್ತದೆ. ಅಪ್ಪರ್‌ಗೊಂದು, ಡಿಪ್ಪರ್‌ಗೊಂದು ರಿಲೇ, ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು. ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು, ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸ್; 87ರಿಂದ ಬಲ್ಬಿಗೆ; ಹಳೆಯ ಹೆಡ್‌ಲೈಟ್ ವೈರು 85-86ರ ಸುರುಳಿಯನ್ನು ಎಚ್ಚರಿಸಲು ಮಾತ್ರ. ಇದರಿಂದ ಸ್ಟೀರಿಂಗ್ ಸ್ವಿಚ್ಚಿನ ಮೇಲಿನ ಭಾರ ಹೆಚ್ಚುಕಡಿಮೆ ಇಲ್ಲವಾಯಿತು. ಅರ್ಥ್ ಜೋಡಣೆಯನ್ನು ಕೆರೆದು ಹೊಸ ಬೋಲ್ಟು ಹಾಕಿದೆವು. ಹಿಂದೆ ಸುಟ್ಟಿದ್ದ ಹೋಲ್ಡರಿನ ಜಾಗಕ್ಕೆ ಸೆರಾಮಿಕ್ ಹೋಲ್ಡರ್. ಬಲ್ಬು ಮಾತ್ರ ಅದೇ 60/55. ಬಲಬದಿಯ ಹೊಸ ದೀಪವೊಂದನ್ನು ಬಿಟ್ಟರೆ ಉಳಿದೆಲ್ಲದರ ಖರ್ಚು ಅವರು ಎಲ್‌ಇಡಿ ಕಿಟ್‌ಗೆ ಕೊಟ್ಟದ್ದಕ್ಕಿಂತ ಕಡಿಮೆ ಬಿತ್ತು.

ಆಮೇಲೆ ಫೋಕಸ್. ಗಾಲಿಗಳ ಗಾಳಿ ಸರಿಮಾಡಿ, ಚಾಲಕರನ್ನು ಕೂರಿಸಿ, ಗೋಡೆಯಿಂದ 10 ಮೀಟರ್ ಹಿಂದೆ ಸಮನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ, ತಿರುಗಣೆ 0ಯಲ್ಲಿಟ್ಟು, ದೀಪದ ನಡುಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗೆ ಡಿಪ್ಪರ್ ಗೆರೆ ಬರುವಂತೆ ಸ್ಕ್ರೂ ತಿರುಗಿಸಿದೆವು. ಮುಂದಿನ ಬಾರಿ ಪೂರ್ತಿ ಹೇರಿನೊಂದಿಗೆ ಬಂದಾಗ ಯಾವ ಅಂಕಿಯಲ್ಲಿ ಗೆರೆ ಅದೇ ಜಾಗಕ್ಕೆ ಬರುತ್ತದೆ ಎಂದು ನೋಡಿ, ಅಲ್ಲಿ ಬಣ್ಣದ ಚುಕ್ಕೆ ಇಟ್ಟೆವು. ಚೀಲ ಹೇರಿ ಹಗ್ಗ ಬಿಗಿದ ಮೇಲೆ ಚುಕ್ಕೆಗೆ ತಿರುಗಿಸುವುದು, ಇಳಿಸಿದ ಮೇಲೆ 0ಗೆ ತರುವುದು ಈಗ ಅವರ ರೂಢಿ.

ಫಲಿತಾಂಶ

ರಿಲೇ ಹಾಕಿದ ಮೇಲೆ ಬಲ್ಬಿನಲ್ಲಿ ಸಿಕ್ಕಿದ್ದು 13.4 ವೋಲ್ಟ್. ಬಲ್ಬು ಅದೇ, ವ್ಯಾಟ್ ಅದೇ. ಲೆಕ್ಕದ ಪ್ರಕಾರ ಬೆಳಕು ಮಾತ್ರ ಶೇ 60ರಷ್ಟು ಹೆಚ್ಚು. ಹೊಸ ರಿಫ್ಲೆಕ್ಟರ್, ಉಜ್ಜಿದ ಗಾಜು ಸೇರಿ ಇನ್ನೂ ಹೆಚ್ಚು. ಎದುರಿನವರು ಅಪ್ಪರ್-ಡಿಪ್ಪರ್ ಹೊಡೆಯುವುದು ಬಹುತೇಕ ನಿಂತಿದೆ ಎಂದು ಬಸಣ್ಣನವರು ಹೇಳುತ್ತಾರೆ. ಆ ಹಂಗಾಮು ಮುಗಿಯುವವರೆಗೂ ಬಲ್ಬು ಹೋಗಲಿಲ್ಲ, ಹೋಲ್ಡರ್ ಬಿಸಿಯಾಗಲಿಲ್ಲ.

ಆದರೆ ಎಲ್ಲವೂ ಬಗೆಹರಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸರಿಯಾಗಿ ಹೊಂದಿಸಿದ ಡಿಪ್ಪರ್ ಕೂಡ ಕಪ್ಪು ವಸ್ತುವೊಂದನ್ನು ತೋರಿಸುವುದು ಹೆಚ್ಚೆಂದರೆ 50–60 ಮೀಟರ್ ದೂರದಿಂದ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ, ಚಾಲಕ ಕಂಡು ಬ್ರೇಕಿಗೆ ಕಾಲಿಡುವ ಒಂದೂವರೆ ಸೆಕೆಂಡಿನಲ್ಲಿಯೇ ಗಾಡಿ 33 ಮೀಟರ್ ಮುಂದೆ ಹೋಗಿರುತ್ತದೆ. ಹೇರಿದ ಗಾಡಿ ನಿಲ್ಲಲು ಮತ್ತೆ 50 ಮೀಟರ್ ಹತ್ತಿರ ಬೇಕು. ಒಟ್ಟು 80 ಮೀಟರಿಗೂ ಮಿಕ್ಕಿದ್ದು. ಬೆಳಕು ತೋರಿಸುವುದಕ್ಕಿಂತ ದೂರ. 60ರ ವೇಗದಲ್ಲಿ ಅದೇ ಲೆಕ್ಕ 53 ಮೀಟರಿಗೆ ಬರುತ್ತದೆ. ಬೆಳಕು ಹೆಚ್ಚಿಸಿ ಈ ಅಂತರ ತುಂಬುತ್ತೇನೆ ಎಂದರೂ ಸುಲಭವಿಲ್ಲ: ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಬಸಣ್ಣನವರು ಬಹಳ ಹೊತ್ತು ಅದನ್ನೇ ನೋಡಿದರು. ಎದುರಿನಿಂದ ವಾಹನ ಬರುತ್ತಿರುವಾಗ 60 ದಾಟುವುದಿಲ್ಲ ಎಂದು ಅಂದೇ ನಿರ್ಧರಿಸಿದರು. ಬ್ಯಾಡಗಿಗೆ ಸ್ವಲ್ಪ ತಡವಾಗಿ ತಲುಪುತ್ತಾರೆ, ಅಷ್ಟೇ.

ನನ್ನ ಕಸುಬಿನವರಿಗೆ ಈ ಪ್ರಕರಣದಿಂದ ತೆಗೆದಿಟ್ಟುಕೊಳ್ಳಬೇಕಾದದ್ದು ಮುಖ್ಯವಾಗಿ ಕ್ರಮ. ಬೆಳಕು ಸಾಲದು ಎಂದು ಬಂದ ಗಾಡಿಗೆ ಮೊದಲು ಉರಿಯುವ ಬಲ್ಬಿನ ಹತ್ತಿರ ವೋಲ್ಟ್ ಅಳೆಯಿರಿ, ಆಮೇಲೆ ಗಾಜು ಮತ್ತು ರಿಫ್ಲೆಕ್ಟರ್ ನೋಡಿ, ಆಮೇಲೆ ಗೋಡೆಯ ಮುಂದೆ ನಿಲ್ಲಿಸಿ. ಬಲ್ಬಿನ ಮಾತು ಕಡೆಗೆ. ಗಾಡಿ ಸರಕಿನದಾದರೆ ರಾತ್ರಿ ಅದು ಹೇಗೆ ಓಡುತ್ತದೆಯೋ ಹಾಗೆ, ಹೇರಿನೊಂದಿಗೆ ಪರೀಕ್ಷಿಸಿ. ಮಾಲೀಕರಿಗೆ ನಂಬಿಕೆ ಬಾರದಿದ್ದರೆ ವಾದಕ್ಕಿಳಿಯಬೇಡಿ, ಅವರನ್ನೇ ಎದುರಿಗೆ ನಿಲ್ಲಿಸಿ.

ಮುಂದಿನ ಮಳೆಗಾಲದ ಹೊತ್ತಿಗೆ ಬಸಣ್ಣನವರು ಹಿಂದಿನ ಪಾಟಾ ಸೆಟ್ಟಿಗೆ ಇನ್ನೊಂದು ಎಲೆ ಸೇರಿಸಿದರು. ಅದರಿಂದ ಖಾಲಿ ಗಾಡಿಯ ಹಿಂಭಾಗ ಮೇಲೆದ್ದು, ಡಿಪ್ಪರ್ ಮೂಗಿನ ಕೆಳಗಿನ ನೆಲಕ್ಕೇ ಬೀಳತೊಡಗಿತ್ತು. ಬಂದವರು ಬಲ್ಬಿನ ಹೆಸರೆತ್ತಲಿಲ್ಲ. ಗೋಡೆಯ ಮುಂದೆ ಗಾಡಿ ನಿಲ್ಲಿಸಿ, ಟೇಪು ತಾವೇ ಎತ್ತಿಕೊಂಡು 10 ಮೀಟರ್ ಅಳೆದರು. ಸ್ಕ್ರೂ ತಿರುಗಿಸಿ ಗೆರೆಯನ್ನು ಜಾಗಕ್ಕೆ ತಂದೆವು, ಹೇರಿನ ಚುಕ್ಕೆಯನ್ನು ಒಂದು ಅಂಕಿ ಹಿಂದಕ್ಕೆ ಸರಿಸಿದೆವು.